ಎರಡು ಬೆರಳಿನ ಬಿಗಿ

ನನ್ನದು ವಾಹನಗಳ ಬಿಡಿಭಾಗದ ಅಂಗಡಿ. ರಸ್ತೆಯ ಆಚೆ ಬದಿಗೆ ಮೇಸ್ತ್ರಿಯ ಗ್ಯಾರೇಜು. ಇಪ್ಪತ್ತಾರು ವರ್ಷದಿಂದ ಬೆಳಗ್ಗೆ ಷಟರ್ ಎತ್ತಿದ ಕೂಡಲೇ ನನಗೆ ಮೊದಲು ಕಾಣುತ್ತಿದ್ದದ್ದು ಅವರ ಬೆನ್ನು. ಮುಖಕ್ಕಿಂತ ಬೆನ್ನಿನ ಪರಿಚಯವೇ ಜಾಸ್ತಿ ಎನ್ನಬೇಕು. ಆ ಮನುಷ್ಯ ಒಂದೋ ಯಾವುದಾದರೂ ಬಾನೆಟ್ಟಿನೊಳಗೆ ತಲೆ ತೂರಿಸಿರುತ್ತಿದ್ದರು, ಇಲ್ಲವೇ ಗುಂಡಿಗೆ ಇಳಿದು ಗಾಡಿಯ ಹೊಟ್ಟೆ ನೋಡುತ್ತಿರುತ್ತಿದ್ದರು. ಗುಂಡಿ ಎಂದರೆ ಗ್ಯಾರೇಜಿನ ನಡುವೆ ಆಳೆತ್ತರ ತೋಡಿ ಸಿಮೆಂಟು ಬಳಿದ ಕಂದಕ. ಗಾಡಿಯನ್ನು ಅದರ ಮೇಲೆ ನಿಲ್ಲಿಸಿ, ಐದು ಮೆಟ್ಟಿಲು ಇಳಿದು, ಕೆಳಗಿನಿಂದ ಕೆಲಸ ಮಾಡುತ್ತಿದ್ದರು. ಮೊದಲೆಲ್ಲ ಆ ಐದು ಮೆಟ್ಟಿಲನ್ನು ಎರಡೇ ಹೆಜ್ಜೆಗೆ ಹತ್ತಿಬಿಡುವರು. ಈಚೀಚೆಗೆ ಪ್ರತಿ ಮೆಟ್ಟಿಲಿಗೂ ಮಂಡಿಯ ಮೇಲೆ ಕೈಯೂರಿ, ಉಸಿರು ಬಿಟ್ಟು, ಆಮೇಲೆ ಮುಂದಿನದಕ್ಕೆ ಕಾಲಿಡುವುದನ್ನು ನಾನು ಕೂತಲ್ಲಿಂದಲೇ ನೋಡುತ್ತಿದ್ದೆ. ನೋಡಿ ನೋಡಿ ನನಗೂ ಸುಸ್ತಾಗುತ್ತಿತ್ತು.

ಬೀದಿಯಲ್ಲಿ ಅವರಿಗೆ ಎರಡುಬೆರಳು ಮೇಸ್ತ್ರಿ ಎಂದು ಹೆಸರು. ಉಳಿದ ಬೆರಳು ಕಳೆದುಕೊಂಡವರೇನಲ್ಲ, ಹತ್ತೂ ನೆಟ್ಟಗಿದ್ದವು. ಹೆಸರು ಬಂದದ್ದು ಆಯಿಲ್ ಚೇಂಬರಿನಿಂದ. ಎಂಜಿನ್ನಿನ ಎಣ್ಣೆಯೆಲ್ಲ ಇಳಿದು ನಿಲ್ಲುವ ತಗಡಿನ ತೊಟ್ಟಿಗೆ ನಮ್ಮ ಕಸುಬಿನಲ್ಲಿ ಚೇಂಬರ್ ಅನ್ನುತ್ತೇವೆ. ಅದರ ಅಂಚಿನ ಸುತ್ತ ಇಪ್ಪತ್ತು ಸಣ್ಣ ಬೋಲ್ಟು. ಅಂಚಿಗೂ ಎಂಜಿನ್ನಿಗೂ ನಡುವೆ, ಎಣ್ಣೆ ಸೋರದ ಹಾಗೆ, ಒಂದು ತೆಳ್ಳನೆಯ ಪ್ಯಾಕಿಂಗು. ಎಣ್ಣೆ ತೊಟ್ಟಿಕ್ಕಿದರೆ ಎಲ್ಲರೂ ಮಾಡುವ ಕೆಲಸ ಒಂದೇ, ಬೋಲ್ಟನ್ನು ಇನ್ನಷ್ಟು ಬಿಗಿಯುವುದು. ಅದೇ ತಪ್ಪು. ಅಂಚಿನದು ತೆಳು ತಗಡು. ಅತಿಯಾಗಿ ಬಿಗಿದರೆ ಬೋಲ್ಟಿರುವ ಕಡೆ ತಗ್ಗಾಗಿ, ಎರಡು ಬೋಲ್ಟಿನ ನಡುವೆ ಸೊಟ್ಟಗಾಗಿ ಸಂದಿ ಬಿಡುತ್ತದೆ. ಆ ಸಂದಿಯಿಂದ ಎಣ್ಣೆ ಇನ್ನೂ ಆರಾಮವಾಗಿ ಹೊರಗೆ ಬರುತ್ತದೆ. ಹಾಗಾಗಿ ಮೇಸ್ತ್ರಿ ಚಿಕ್ಕ ಸ್ಪ್ಯಾನರನ್ನು ಹೆಬ್ಬೆರಳು, ತೋರುಬೆರಳು ಇಷ್ಟರಲ್ಲೇ ಹಿಡಿದು ಬಿಗಿಯುತ್ತಿದ್ದರು. ಅಂಗೈ ತಾಗಿಸುವಂತಿಲ್ಲ. ಪ್ಯಾಕಿಂಗು ಒತ್ತಿಕೊಂಡು ಕೂತದ್ದು ಬೆರಳಿಗೆ ಗೊತ್ತಾಗುತ್ತದೆ, ಅಲ್ಲಿಗೆ ನಿಲ್ಲಿಸಬೇಕು. "ಚೇಂಬರ್ ಬೋಲ್ಟಿಗೆ ಶಕ್ತಿ ತೋರಿಸೋನು ಮೆಕ್ಯಾನಿಕ್ ಅಲ್ಲ, ಪೈಲ್ವಾನ," ಅನ್ನುತ್ತಿದ್ದರು. ಅವರು ಕಟ್ಟಿದ ಚೇಂಬರು ತಿರುಗಿ ಬಂದದ್ದನ್ನು ನಾನು ಇಪ್ಪತ್ತೈದು ವರ್ಷ ನೋಡಲಿಲ್ಲ.

ಆಮೇಲೆ ನೋಡಿದೆ.

ಸಕ್ಕರೆ ಕಾಯಿಲೆ ಅವರ ಬೆರಳಿಗೆ ಇಳಿದಿತ್ತು. ಇದನ್ನು ಅವರು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ನನಗೆ ಗೊತ್ತಾದದ್ದು ಟೀ ಲೋಟದಿಂದ. ಟೀಯವನು ಲೋಟದ ಕಂಠ ಹಿಡಿದು, ಸುಡುತ್ತದೆ ಎಂದು ಕೈ ಬದಲಾಯಿಸುತ್ತ ತಂದರೆ, ಮೇಸ್ತ್ರಿ ಅದನ್ನು ಇಡಿಯಾಗಿ ಮುಷ್ಟಿಯಲ್ಲಿ ಹಿಡಿದು ಮಾತು ಮುಂದುವರಿಸುವರು. ನನ್ನ ಅಂಗಡಿಗೆ ಬಂದು ವಾಷರ್ ಆರಿಸುವಾಗ ಎರಡು ಒಂದಕ್ಕೊಂದು ಅಂಟಿಕೊಂಡಿದ್ದರೆ ಅವರ ಕೈಗೆ ತಿಳಿಯುತ್ತಿರಲಿಲ್ಲ, ಕಣ್ಣಿನ ಹತ್ತಿರ ತಂದು ನೋಡಬೇಕಾಗುತ್ತಿತ್ತು. ಆಗೆಲ್ಲ ನಾನು ಬೇರೆ ಕಡೆ ನೋಡುತ್ತಿದ್ದೆ. ಬಿಗಿ ಸರಿಯಾದಾಗ ಟಕ್ ಎಂದು ಸದ್ದು ಮಾಡುವ ಸ್ಪ್ಯಾನರು ಬರುತ್ತದೆ, ಸಣ್ಣ ಬೋಲ್ಟಿನದೊಂದು ತರಿಸಿಕೊಡಲಾ ಎಂದು ಒಂದು ಸಲ ಕೇಳಿದೆ. "ತರಿಸು. ಇನ್ಮೇಲೆ ನನ್ನ ಬದ್ಲು ಅದಕ್ಕೇ ನಮಸ್ಕಾರ ಮಾಡ್ತಾ ಇರು," ಅಂದರು. ಮತ್ತೆ ಆ ಮಾತೆತ್ತುವ ಧೈರ್ಯ ನನಗೆ ಬರಲಿಲ್ಲ.

ಅವರ ಹೆಂಡತಿಯ ತಮ್ಮನದೊಂದು ಡೀಸೆಲ್ ಪಿಕಪ್. ಕುಡಿಯುವ ನೀರಿನ ಕ್ಯಾನು ತುಂಬಿಕೊಂಡು ಮನೆಮನೆಗೆ, ಆಫೀಸುಗಳಿಗೆ ಹಾಕಿಕೊಂಡು ಬರುತ್ತಾನೆ. ನಲವತ್ತೈದು ದಾಟಿದವನು, ಮಾತಿಗೆ ಮುಂಚೆ ನಗುವವನು, ಭಾವನ ಎದುರು ಒಂದು ದಿನವೂ ಕಾಲ ಮೇಲೆ ಕಾಲು ಹಾಕಿ ಕೂತವನಲ್ಲ. ಅವನ ಗಾಡಿಯ ಚೇಂಬರು ತೊಟ್ಟಿಕ್ಕಲು ಶುರುವಾಯಿತು. ಮೇಸ್ತ್ರಿ ಬಿಚ್ಚಿ ಪ್ಯಾಕಿಂಗು ಬದಲಿಸಿದರು. ಹದಿನೈದು ದಿನಕ್ಕೆ ಮತ್ತೆ ತೊಟ್ಟಿಕ್ಕಿತು. ಎರಡನೇ ಸಲ ಬಿಚ್ಚಿ, ಹೊಸ ಪ್ಯಾಕಿಂಗು ಹಾಕಿ ಕಟ್ಟಿದ ದಿನ ಮಧ್ಯಾಹ್ನ ಅವರ ಹೆಂಡತಿ ಊಟದ ಡಬ್ಬಿ ತಂದಿದ್ದರು. ಆಕೆ ಬೀದಿಗೆಲ್ಲ ಅಕ್ಕ. ಗಂಡ ಗುಂಡಿಯಿಂದ ಹತ್ತಲಾರದೆ ಮೂರನೇ ಮೆಟ್ಟಿಲಲ್ಲಿ ಗೋಡೆ ಹಿಡಿದು ನಿಂತದ್ದನ್ನು ಕಂಡು ಅಕ್ಕನಿಗೆ ರೇಗಿತು.

"ಇನ್ನೂ ಎಷ್ಟು ದಿನ ಈ ಗುಂಡಿ? ಮಾಡಿದ್ದೇ ಮಾಡ್ತಾ ಇದೀರಿ. ಮನೇಲಿ ಕೂತ್ಕೋಬಾರ್ದಾ?"

"ಇದು ಇನ್ನೊಂದು ಸಲ ತೊಟ್ಟಿಕ್ಲಿ, ಕೂತ್ಕೋತೀನಿ," ಅಂದರು ಮೇಸ್ತ್ರಿ. "ಆಮೇಲೆ ನಾನು ಸ್ಪ್ಯಾನರ್ ಮುಟ್ಟಿದ್ರೆ ಕೇಳು."

ನಾನಿದ್ದೆ, ಭಾಮೈದನಿದ್ದ, ಟೀಯವನಿದ್ದ. ಎಲ್ಲರಿಗೂ ಕೇಳಿಸಿತು. ಆಡಿದ ಮಾತನ್ನು ನುಂಗಿಕೊಳ್ಳುವ ಜಾಯಮಾನ ಅವರದಲ್ಲ ಎಂಬುದೂ ಎಲ್ಲರಿಗೂ ಗೊತ್ತಿತ್ತು. ಅಕ್ಕ ಡಬ್ಬಿ ಇಟ್ಟು ಹೋದರು.

ಮಾರನೇ ಬೆಳಗ್ಗೆ ಭಾಮೈದ ನನ್ನ ಅಂಗಡಿಗೆ ಬಂದ. ಮುಖದಲ್ಲಿ ನಗು ಇರಲಿಲ್ಲ. ಒಂದು ಲೀಟರ್ ಎಂಜಿನ್ ಆಯಿಲ್ ಕೇಳಿ, ಗ್ಯಾರೇಜಿನ ಕಡೆ ಒಮ್ಮೆ ನೋಡಿ, "ತೊಟ್ಟಿಕ್ತಾ ಇದೆ," ಅಂದ.

"ಹೋಗಿ ಹೇಳು ಮತ್ತೆ."

"ನನ್ನ ಕೈಲಾಗಲ್ಲ. ನೀವೂ ಹೇಳ್ಬೇಡಿ. ಗ್ಯಾರೇಜ್ ಬಿಟ್ಟು ಮನೇಲಿ ಕೂತ್ರೆ ಭಾವ ಉಳಿಯಲ್ಲ. ನಂದೇನು, ವಾರಕ್ಕೊಂದು ಲೀಟರ್ ಹಾಕ್ಕೊಂಡು ಓಡಿಸ್ತೀನಿ."

ಡ್ರೈವರುಗಳಿಗೆ ಒಂದು ಹಳೇ ಉಪಾಯ ಗೊತ್ತು. ದಾರಿಯಲ್ಲಿ ಡೀಸೆಲ್ ಟ್ಯಾಂಕು ತೂತಾದರೆ ಬಟ್ಟೆ ಸೋಪನ್ನು ಒದ್ದೆ ಮಾಡಿ, ನಾದಿ, ತೂತಿಗೆ ಮೆತ್ತಿ, ಹೇಗೋ ಊರು ಸೇರಿಕೊಳ್ಳುತ್ತಾರೆ. ಭಾಮೈದ ಅದನ್ನೇ ಚೇಂಬರಿಗೆ ಮಾಡಿದ. ಬಿಸಿ ಎಣ್ಣೆಯ ಮುಂದೆ ಸೋಪು ಎರಡು ಮೂರು ದಿನಕ್ಕಿಂತ ನಿಲ್ಲುವುದಿಲ್ಲ. ಆದ್ದರಿಂದ ಪ್ರತಿ ಭಾನುವಾರ ಬೆಳಗ್ಗೆ ಎಂಜಿನ್ನು ತಣ್ಣಗಿರುವಾಗಲೇ ಗಾಡಿಯ ಅಡಿಗೆ ಹಳೇ ಚಾಪೆ ಹಾಸಿಕೊಂಡು ಮಲಗಿ, ಅಂಚನ್ನೆಲ್ಲ ಒರೆಸಿ, ಹೊಸ ಸೋಪು ಮೆತ್ತಿ, ಅದರ ಮೇಲೆ ಒಂದಿಷ್ಟು ಧೂಳು ಸವರಿ, ಮೇಸ್ತ್ರಿ ವಾರವಾರ ನೋಡಬೇಕೆಂದಿದ್ದಕ್ಕೆ ಹತ್ತು ಗಂಟೆಗೆ ಗ್ಯಾರೇಜಿಗೆ ತರುತ್ತಿದ್ದ. ಮೇಸ್ತ್ರಿ ಗುಂಡಿಗಿಳಿದು ಟಾರ್ಚು ಬಿಟ್ಟು ನೋಡುವರು. "ಒಣಗಿದೆ," ಅನ್ನುವರು. ಆ ಒಂದು ಮಾತು ಹೇಳುವಾಗ ಅವರ ದನಿಗೆ ಹಳೇ ಗತ್ತು ಬರುತ್ತಿತ್ತು. ಮೇಲೆ ನಿಂತ ಭಾಮೈದ, "ನಿಮ್ಮ ಕೈ ಅಲ್ವಾ ಭಾವ," ಎಂದು ಹೇಳಿ ಹಣೆಯ ಬೆವರು ಒರೆಸಿಕೊಳ್ಳುವನು. ಪಾಪ, ಸುಳ್ಳು ಅವನಿಗೆ ಒಗ್ಗುತ್ತಿರಲಿಲ್ಲ. ಸೋಮವಾರ ನನ್ನ ಹತ್ತಿರ ಬಂದು ಎಣ್ಣೆ ಒಯ್ಯುವನು. ನೀರಿನ ಗಾಡಿಯಾದ್ದರಿಂದ ಅದರ ಅಡಿಯ ನೆಲ ಯಾವಾಗಲೂ ಒದ್ದೆ. ಅಲ್ಲಿ ಬಿದ್ದ ಹನಿ ಯಾವುದೆಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ನಾನೂ ಬಾಯಿಗೆ ಬೀಗ ಹಾಕಿಕೊಂಡೆ. ಅದನ್ನು ದೊಡ್ಡ ಒಳ್ಳೆಯತನ ಎಂದುಕೊಂಡಿದ್ದೆ, ಅದೇ ಈಗ ನಾಚಿಕೆ. ಆರು ತಿಂಗಳು ಹೀಗೇ ನಡೆಯಿತು. ಈ ಆರು ತಿಂಗಳಲ್ಲಿ ಮೇಸ್ತ್ರಿಗೆ ಹುರುಪು ಬಂದಿತ್ತು. ತಮ್ಮ ಕೈ ಮೇಲೆ ತಮಗೇ ಅನುಮಾನ ಬಂದು ಚೇಂಬರ್ ಕೆಲಸವನ್ನು ನಿಧಾನಕ್ಕೆ ದೂರ ತಳ್ಳುತ್ತಿದ್ದವರು ಮತ್ತೆ ಹಿಡಿದರು. ಬಂದವರಿಗೆಲ್ಲ ಪಿಕಪ್ಪಿನ ಕಥೆ ಹೇಳುವರು. ಮರದ ಸಾಮಾನು ಸಾಗಿಸುವವನ ಗಾಡಿ ಕಟ್ಟಿದರು, ಶಾಲೆಯ ವ್ಯಾನು ಕಟ್ಟಿದರು. ಸ್ವಲ್ಪ ದಿನಕ್ಕೆ ವ್ಯಾನಿನ ಡ್ರೈವರು ನನ್ನ ಅಂಗಡಿಗೆ ಎಣ್ಣೆಗೆ ಬರತೊಡಗಿದ. "ಹಳೇ ಎಂಜಿನ್ನು, ಕುಡಿಯುತ್ತೆ," ಎಂದು ಅವನಿಗೆ ಸಮಾಧಾನ ಹೇಳಿದವನು ನಾನೇ. ಎಂಜಿನ್ನು ಕುಡಿಯುತ್ತಿರಲಿಲ್ಲ, ಉಗುಳುತ್ತಿತ್ತು. ನನಗೆ ಗೊತ್ತಿತ್ತೋ ಇಲ್ಲವೋ ಎಂದು ಯಾರಾದರೂ ಕೇಳಿದರೆ, ಗೊತ್ತಾಗದ ಹಾಗೆ ನೋಡಿಕೊಂಡೆ ಎನ್ನಬೇಕು.

ಹೋದ ತಿಂಗಳು ಭಾಮೈದ ಜ್ವರ ಬಂದು ಮಲಗಿದ. ನೀರು ನಿಲ್ಲಿಸುವಂತಿಲ್ಲವಲ್ಲ, ಬದಲಿ ಡ್ರೈವರೊಬ್ಬನನ್ನು ಗೊತ್ತು ಮಾಡಿದ. ಹತ್ತನೇ ದಿನ ಬೆಳಗ್ಗೆ ಆ ಪಿಕಪ್ಪು ಇನ್ನೊಂದು ಗಾಡಿಯ ಹಿಂದೆ ಹಗ್ಗ ಕಟ್ಟಿಸಿಕೊಂಡು ಗ್ಯಾರೇಜಿಗೆ ಬಂತು. ಎಣ್ಣೆಯ ಕೆಂಪು ದೀಪ ಹತ್ತಿಕೊಂಡಿತಂತೆ. ಪುಣ್ಯಕ್ಕೆ ಆ ಮನುಷ್ಯ ಅಲ್ಲೇ ಎಂಜಿನ್ನು ನಿಲ್ಲಿಸಿದ್ದ. ಮೇಸ್ತ್ರಿ ಎಣ್ಣೆ ನೋಡುವ ಕಡ್ಡಿ ಎಳೆದು ನೋಡಿದರು. ಕಡ್ಡಿಯ ತುದಿಗೂ ಎಣ್ಣೆ ತಾಗಿರಲಿಲ್ಲ.

"ನೋಡ್ಕೋಬಾರ್ದೇನಯ್ಯ," ಅಂದರು.

"ಪ್ರತಿ ಸೋಮವಾರ ಒಂದು ಲೀಟರ್ ಹಾಕು ಅಂದಿದ್ರು ಗಾಡಿಯವ್ರು. ಹೋದ ವಾರ ಹಾಕಿದ್ದೆ, ಈ ಸೋಮವಾರ ಮರ್ತೋಯ್ತು."

"ಪ್ರತಿ ಸೋಮವಾರ?"

ಬದಲಿ ಡ್ರೈವರಿಗೆ ತಾನೇನು ಹೇಳಿದೆನೆಂದು ತಿಳಿಯಲಿಲ್ಲ. ನನಗೆ ತಿಳಿಯಿತು. ಮೇಸ್ತ್ರಿ ಟಾರ್ಚು ತೆಗೆದುಕೊಂಡು ಗುಂಡಿಗಿಳಿದರು. ನಾನು ರಸ್ತೆ ದಾಟಿ ಹೋಗಿ ಬಗ್ಗಿ ನೋಡಿದೆ. ಅವರು ಚೇಂಬರಿನ ಅಂಚಿನಲ್ಲಿ ಅಲ್ಲಲ್ಲಿ ಅಂಟಿ ಉಳಿದದ್ದನ್ನು ಉಗುರಿನಿಂದ ಕೆರೆಯುತ್ತಿದ್ದರು. ಬಂದದ್ದನ್ನು ಎರಡು ಬೆರಳಲ್ಲಿ ಉಜ್ಜಿದರು, ಏನೆಂದು ಬೆರಳಿಗೆ ತಿಳಿಯದೆ ಟಾರ್ಚಿನ ಬೆಳಕಿಗೆ ಹಿಡಿದರು. ಆಮೇಲೆ ಮೂಗಿನ ಹತ್ತಿರ ತಂದರು.

"ಸೋಪು," ಅಂದರು, ತಮಗೆ ತಾವೇ. ಆಮೇಲೆ ನನ್ನ ಕಡೆ ತಲೆಯೆತ್ತಿ, "ಅವನ್ನ ಕರೆಸು," ಅಂದರು.

ಭಾಮೈದನ ಮನೆ ಎರಡು ಬೀದಿ ಆಚೆ. ಹೊದಿಕೆ ಹೊದ್ದುಕೊಂಡೇ ಬಂದ. ಅಷ್ಟರಲ್ಲಿ ಮೇಸ್ತ್ರಿ ಮೇಲೆ ಹತ್ತಿ, ಗುಂಡಿಯ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು. ಅಂಗೈಯಲ್ಲಿ ಆ ನೀಲಿ ಸೋಪಿನ ಮುದ್ದೆ ಹಾಗೇ ಇತ್ತು. ಭಾಮೈದ ಅದನ್ನು ನೋಡಿದ, ನೆಲ ನೋಡಿದ.

"ಎಷ್ಟು ದಿನದಿಂದ?"

"ನೀವು ಎರಡನೇ ಸಲ ಕಟ್ಟಿದ ಮಾರನೇ ದಿನದಿಂದ."

"ಅಂದ್ರೆ ಒಂದು ದಿನಾನೂ ಒಣಗಿರ್ಲಿಲ್ಲ."

"ಭಾವ, ನೀವು ಅಕ್ಕನ ಮುಂದೆ ಆ ಮಾತು ಆಡಿಬಿಟ್ರಿ. ನನ್ನ ಗಾಡಿಯಿಂದ ನೀವು ಕೆಲ್ಸ ಬಿಟ್ಟ ಹಾಗಾಗುತ್ತಲ್ಲ ಅಂತ..."

ಬೈಯುತ್ತಾರೆ ಎಂದು ಕಾದೆವು. ಮೇಸ್ತ್ರಿ ಬೈದರೆ ಅದೊಂದು ಸುಖ. ಇಡೀ ಬೀದಿ ನಿಂತು ಕೇಳುತ್ತಿತ್ತು. ಈ ಸಲ ಬೈಯಲಿಲ್ಲ. ಬೈಯುವಷ್ಟು ತ್ರಾಣವೂ ಇದ್ದಂತೆ ಕಾಣಲಿಲ್ಲ.

"ನಿನ್ನ ಗಾಡಿ ಹಾಳಾಗಿ ಹೋಗ್ಲಿ," ಅಂದರು ಮೆಲ್ಲಗೆ. "ಇದು ಒಣಗಿದೆ ಅಂತ ನಂಬ್ಕೊಂಡು ನಾನು ಬೇರೆಯವ್ರ ಗಾಡಿ ಕಟ್ಟಿದೀನಿ. ಮಕ್ಕಳನ್ನ ಕರ್ಕೊಂಡು ಹೋಗೋ ವ್ಯಾನ್ ಕಟ್ಟಿದೀನಿ. ಅದು ನಡುರಸ್ತೇಲಿ ಎಂಜಿನ್ ಜಾಮ್ ಆಗಿ ನಿಂತ್ರೆ?"

ಭಾಮೈದನಿಗೆ ಇದು ಹೊಳೆದೇ ಇರಲಿಲ್ಲ. ಮುಖ ಸಣ್ಣದು ಮಾಡಿಕೊಂಡು ನಿಂತ. ಮೇಸ್ತ್ರಿ ನನ್ನ ಕಡೆ ತಿರುಗಿದರು. "ನಿಂಗೂ ಗೊತ್ತಿತ್ತು," ಅಂದರು. ಕೇಳಿದ್ದಲ್ಲ, ಹೇಳಿದ್ದು.

"ಗೊತ್ತಿತ್ತು."

"ವ್ಯಾನಿನವ್ನು ನಿನ್ನ ಹತ್ರ ಎಣ್ಣೆ ಒಯ್ತಾನಾ?"

"ಒಯ್ತಾನೆ."

"ಸಾಮಾನಿನ ಗಾಡಿಯವ್ನು?"

"ಅವ್ನೂ."

ನನ್ನ ಜೀವಮಾನದಲ್ಲಿ ಅಷ್ಟು ಕಷ್ಟದ ಉತ್ತರ ನಾನು ಕೊಟ್ಟಿಲ್ಲ. ನೆಲದಲ್ಲಿ ಗುಂಡಿ ಇದ್ದೇ ಇತ್ತು, ಇಳಿದು ಬಚ್ಚಿಟ್ಟುಕೊಳ್ಳೋಣ ಅನ್ನಿಸಿತು. ಅವರು ಅಂಗೈಯಲ್ಲಿದ್ದ ಸೋಪನ್ನು ವೇಸ್ಟು ಬಟ್ಟೆಗೆ ಒರೆಸಿದರು.

"ಅಂದ್ರೆ ನನ್ನ ಕೈ ಹೋಗಿದೆ ಅಂತ ನನ್ನೊಬ್ನಿಗೆ ಬಿಟ್ಟು ಮಿಕ್ಕೋರಿಗೆಲ್ಲ ಗೊತ್ತು," ಅಂದರು. "ನಂಗೂ ಗೊತ್ತಿತ್ತು ಬಿಡು. ನೀವು ಮರೆಸಿಬಿಟ್ರಿ."

ಊಟದ ಹೊತ್ತಿಗೆ ಅಕ್ಕ ಬಂದರು. ಜ್ವರದ ತಮ್ಮ ಅಲ್ಲಿರುವುದನ್ನು ನೋಡಿ ಬಾಗಿಲಲ್ಲೇ ನಿಂತರು. "ತೊಟ್ಟಿಕ್ತು," ಅಂದರು ಮೇಸ್ತ್ರಿ. ಅಷ್ಟೇ. ಅಕ್ಕ ಗಂಡನನ್ನು ನೋಡಿದರು, ಪಿಕಪ್ಪನ್ನು ನೋಡಿದರು. ಆರು ತಿಂಗಳ ಹಿಂದೆ ಅಷ್ಟು ರೇಗಿದವರು ಈಗ ಗೆದ್ದ ಮುಖ ಮಾಡಬಹುದಿತ್ತು. ಮಾಡಲಿಲ್ಲ. ಒಂದು ತಗಡಿನ ಪೆಟ್ಟಿಗೆ ಎಳೆದುಕೊಂಡು ಕೂತು, ಡಬ್ಬಿ ಬಿಚ್ಚಿ, "ಮೊದ್ಲು ಊಟ ಮಾಡಿ," ಅಂದರು. ತಮ್ಮನ ಕಡೆ ತಿರುಗಿ, "ನೀನೂ ಬಾ, ಜ್ವರದಲ್ಲಿ ಖಾಲಿ ಹೊಟ್ಟೇಲಿ ಇರ್ಬೇಡ," ಅಂದರು. ಮೂವರೂ ಊಟ ಮಾಡಿದರು. ನಾನು ಅಂಗಡಿಗೆ ಹೋಗಬೇಕಿತ್ತು, ಕಾಲು ಬರಲಿಲ್ಲ, ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ.

ಊಟವಾದ ಮೇಲೆ ಮೇಸ್ತ್ರಿ ನನ್ನಿಂದ ಫೋನು ಹಚ್ಚಿಸಿಕೊಂಡು ವ್ಯಾನಿನ ಡ್ರೈವರನ ಹತ್ತಿರ ಮಾತಾಡಿದರು. "ನಾನು ಕಟ್ಟಿದ ಚೇಂಬರ್ ಸರಿಯಾಗಿಲ್ಲ. ನಾಳೆ ಮಕ್ಕಳನ್ನ ಹತ್ತಿಸ್ಕೋಬೇಡ, ಬೇರೆ ಗಾಡಿ ನೋಡ್ಕೋ. ಇವತ್ತೇ ತಂದು ನಿಲ್ಸು." ಆ ಕಡೆಯಿಂದ ಅವನು ಏನೋ ಸಮಾಧಾನ ಹೇಳಿದ ಹಾಗಿತ್ತು. "ಎಂಜಿನ್ ಹಳೇದಲ್ಲಪ್ಪ, ನಾನು ಹಳಬ," ಅಂದರು. ಸಾಮಾನಿನ ಗಾಡಿಯವನಿಗೂ ಅದನ್ನೇ ಹೇಳಿದರು. ಫೋನು ಹಿಂದಕ್ಕೆ ಕೊಟ್ಟಾಗ ಬೇರೆ ಮೆಕ್ಯಾನಿಕ್ಕನ್ನು ಕರೆಸೋಣವೇ ಎಂದು ಕೇಳಿದೆ.

"ಕಟ್ಟೋನು ಇವ್ನೇ," ಎಂದು ಭಾಮೈದನನ್ನು ತೋರಿಸಿದರು. "ಆರು ತಿಂಗಳು ವಾರವಾರ ಸೋಪು ಮೆತ್ತಿದಾನೆ. ಆ ಅಂಚು ಇವ್ನಿಗೆ ಗೊತ್ತಿರೋಷ್ಟು ಯಾರಿಗೂ ಗೊತ್ತಿಲ್ಲ."

ಜ್ವರ ಇಳಿಯಲು ಇನ್ನೂ ಮೂರು ದಿನ ಬೇಕಾಯಿತು. ನಾಲ್ಕನೇ ಬೆಳಗ್ಗೆ ಭಾಮೈದ ತೋಳು ಮಡಿಸಿಕೊಂಡು ಗುಂಡಿಗಿಳಿದ. ವ್ಯಾನೂ ಸಾಮಾನಿನ ಗಾಡಿಯೂ ಹೊರಗೆ ಸರದಿಯಲ್ಲಿ ನಿಂತಿದ್ದವು. ಮೇಸ್ತ್ರಿ ಸ್ಟೂಲು ಹಾಕಿಕೊಂಡು ಗುಂಡಿಯ ಬಾಯಿಗೆ ಕೂತರು, ಎರಡೂ ಕೈಯನ್ನು ಮಂಡಿಯ ಮೇಲೆ ಇಟ್ಟುಕೊಂಡು. ಭಾಮೈದ ಪಿಕಪ್ಪಿನಲ್ಲಿ ಉಳಿದ ಎಣ್ಣೆ ಇಳಿಸಿ, ಬೋಲ್ಟೆಲ್ಲ ಬಿಚ್ಚಿ, ಚೇಂಬರನ್ನು ಮೇಲಕ್ಕೆ ತಂದ. ಸೋಪು, ಹಳೇ ಪ್ಯಾಕಿಂಗು ಎಲ್ಲ ಕೆರೆದು ಸೀಮೆಎಣ್ಣೆಯಲ್ಲಿ ತೊಳೆದಾಗ ಅಂಚಿನ ನಿಜರೂಪ ಕಂಡಿತು. ಕಲ್ಲುಚಪ್ಪಡಿಯ ಮೇಲೆ ಬೋರಲು ಹಾಕಿದರೆ ಅಡಿಯಲ್ಲಿ ಬೆಳಕು ತೂರುತ್ತಿತ್ತು. ಪ್ರತಿ ಬೋಲ್ಟಿನ ತೂತಿನ ಸುತ್ತ ಒಂದೊಂದು ತಗ್ಗು. ಎರಡುಬೆರಳು ಮೇಸ್ತ್ರಿಯ ಕೈಯೇ ಮಾಡಿದ ಹಾನಿ ಅದು. ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಬೆರಳು ತಿರುಗಿಸುತ್ತಲೇ ಹೋಗಿತ್ತು. ಮೇಸ್ತ್ರಿ ಅದನ್ನು ತುಂಬ ಹೊತ್ತು ನೋಡಿದರು. ಅಪರಿಚಿತರ ಕೆಲಸ ನೋಡಿದ ಹಾಗೆ.

ಆಮೇಲೆ ಮರದ ತುಂಡು ಕೊಟ್ಟು ತಗ್ಗುಗಳನ್ನು ತಟ್ಟಿಸಿದರು. "ಬಡೀಬೇಡ, ತಟ್ಟು. ಮಗುನ ಬೆನ್ನು ತಟ್ಟಲ್ವಾ, ಹಾಗೆ." ಕಣ್ಣು ಮಾತ್ರ ಅವರದು ಇನ್ನೂ ಚುರುಕಾಗಿತ್ತು. ಉಕ್ಕಿನ ಪಟ್ಟಿ ಅಂಚಿನ ಮೇಲಿಟ್ಟು, ಕೂದಲೆಳೆಯಷ್ಟು ಸಂದಿ ಕಂಡರೂ ಬಿಡಲಿಲ್ಲ. ಅದಕ್ಕೇ ಮಧ್ಯಾಹ್ನವಾಯಿತು. ಭಾಮೈದನಿಗೆ ಜ್ವರದ ಸುಸ್ತು, ಮೇಸ್ತ್ರಿಗೆ ವಯಸ್ಸಿನದು. ಇಬ್ಬರೂ ಗಳಿಗೆಗೊಮ್ಮೆ ನೀರು ಕುಡಿದರು. ಹೊಸ ಪ್ಯಾಕಿಂಗು ಕೂರಿಸಿ, ಚೇಂಬರನ್ನು ಮೇಲಕ್ಕೆತ್ತಿ ಹಿಡಿಯಲು ನಾನೂ ಗುಂಡಿಗಿಳಿದೆ. ಪ್ರಾಯಶ್ಚಿತ್ತವೆಂದಲ್ಲ, ಭಾರವಿತ್ತು. ಅಕ್ಕನೂ ಬಂದು ಬಾಗಿಲ ಬಳಿ ಕೂತಿದ್ದರು.

"ನಡುವಿಂದ ಶುರು ಮಾಡು. ಒಂದು ಈ ಕಡೆ, ಒಂದು ಆ ಕಡೆ. ಮೊದ್ಲು ಸುಮ್ನೆ ಕೂರಿಸ್ತಾ ಹೋಗು, ಬಿಗೀಬೇಡ. ಎರಡ್ನೇ ಸುತ್ತಿಗೆ ಬಿಗಿಯುವಂತೆ." ಮೇಲಿನಿಂದ ಅವರ ದನಿ ಬರುತ್ತಿತ್ತು, ನಿಧಾನವಾಗಿ, ಒಂದೊಂದೇ ಮಾತು. ಭಾಮೈದ ಸ್ಪ್ಯಾನರನ್ನು ಹೇಳಿದಂತೆ ಹಿಡಿದು, ಹಲ್ಲು ಕಚ್ಚಿಕೊಂಡು, ಕಣ್ಣು ಅರ್ಧ ಮುಚ್ಚಿ ತಿರುಗಿಸಿದ. ಎರಡನೇ ಸುತ್ತಿನ ಮೊದಲ ಬೋಲ್ಟಿಗೆ ನಿಂತ. ಮತ್ತೊಂಚೂರು ತಿರುಗಿಸಿದ. ಮತ್ತೆ ನಿಂತ.

"ಭಾವ, ಇಷ್ಟು ಸಾಕಾ? ಒಂದ್ಸಲ ಇಳಿದು ಕೈಯಿಟ್ಟು ನೋಡ್ತೀರಾ?"

ಅಭ್ಯಾಸಬಲ, ಮೇಸ್ತ್ರಿ ಎದ್ದರು. ಮೊದಲ ಮೆಟ್ಟಿಲಿಗೆ ಕಾಲಿಟ್ಟದ್ದು ನನಗೆ ಕೆಳಗಿನಿಂದ ಕಾಣಿಸಿತು. ಆಮೇಲೆ ಆ ಕಾಲನ್ನು ಹಿಂದಕ್ಕೆ ತೆಗೆದುಕೊಂಡರು, ಸ್ಟೂಲು ಕಿರ್ ಎಂದಿತು.

"ನಂಗೆ ಗೊತ್ತಾಗಲ್ಲ ಕಣೋ," ಅಂದರು. "ನಿಂಗೇನನ್ಸುತ್ತೆ?"

ಭಾಮೈದ ನನ್ನನ್ನು ನೋಡಿದ. ಅವನು ಮತ್ತೆ ಸ್ಪ್ಯಾನರಿನ ಮೇಲೆ ಎರಡು ಬೆರಳಿಟ್ಟು, ಉಸಿರು ಹಿಡಿದುಕೊಂಡು ನೋಡಿದ.

"ಸಾಕು ಅನ್ಸುತ್ತೆ."

"ಹಾಗಾದ್ರೆ ಸಾಕು," ಅಂದರು ಮೇಸ್ತ್ರಿ. "ಮುಂದಿನ ಬೋಲ್ಟಿಗೆ ಹೋಗು."